ಚಿಕ್ಕ ಕ್ಯಾಮೆರಾ ಸಾಕು ಎಂದೆ

ವಿಮಲಾ,

ಪುಟ್ಟಿಯನ್ನು ಎತ್ತಿಕೊಂಡು ಬಿಲ್ಡಿಂಗ್ ಹಿಂದಿನ ಗಾರ್ಡನ್‌ಗೆ ಹೋಗಿದ್ದೇನೆ. ಸಾರು ಬಿಸಿ ಮಾಡಿಕೋ.

ದುಬೈಯಿಂದ ನಿನ್ನಣ್ಣ ಫೋನ್ ಮಾಡಿ, ಯಾವ ವಿಡಿಯೋ ಕ್ಯಾಮೆರಾ ತರಲಿ ಎಂದು ಕೇಳಿದ. ಅಂಗೈಯಲ್ಲಿ ಹಿಡಿಯುವ ಚಿಕ್ಕದೇ ಸಾಕು ಎಂದೆ. ಮೊನ್ನೆ ನೀನು ಬಾಡಿಗೆಗೆ ತಂದ, ಹೆಗಲ ಮೇಲಿಡುವ ದೊಡ್ಡದನ್ನು ಕಂಡು ಪುಟ್ಟಿ ಹೆದರಿ ನನ್ನ ಸೆರಗು ಹಿಡಿದಳು. “ಅತ್ತೆ, ಸ್ವಲ್ಪ ಸರೀರಿ, ನೀವು ಅಡ್ಡ ಬರ್ತೀರಾ” ಅಂದೆ ನೀನು.

ಮೈಸೂರಿಗೆ ನಿಮ್ಮಮ್ಮನಿಗೆ ಕಳಿಸಿದ ಟೇಪಿನಲ್ಲಿ ನನ್ನ ಕೈ ಮಾತ್ರ ಕಾಣುತ್ತದೆ. ದಿನವಿಡೀ ಎತ್ತಿಕೊಳ್ಳುವವಳು ನಾನು, ಟೀವಿ ಮುಂದೆ ಕೂತು ಹಿಗ್ಗುವವರು ಅವರು.

ಪುಟ್ಟಿಯ ಮೊದಲ ಹೆಜ್ಜೆಯನ್ನೂ ಅವರಿಗೇ ತೋರಿಸಬೇಕು ಎಂದು ಕಾಯುತ್ತಿದ್ದೀಯಲ್ಲ? ಸೋಮವಾರ ನೀನು ಆಫೀಸಿನಲ್ಲಿದ್ದಾಗ ಅವಳು ಮೂರು ಹೆಜ್ಜೆ ನಡೆದಳು. ನನ್ನ ಹತ್ತಿರವೇ ಬಂದಳು.

ಹೊಟ್ಟೆಕಿಚ್ಚಿಗೆ ನಿನಗೂ ಹೇಳಲಿಲ್ಲ.

ಅತ್ತೆ