ಬ್ರೆಡ್ ಬಿಟ್ಟ ಅತಿಥಿಗಳು, ಕೈಗೆಟುಕದ ಕುರಿಮರಿ

ಮಾರುಕಟ್ಟೆ ಬೆಲೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ತಾವು ಬ್ರೆಡ್ ಬಿಟ್ಟಿದ್ದರಿಂದ ನನ್ನ ಕುಮ, ಅಂದರೆ ಧರ್ಮಬಂಧು, ನನ್ನ ಮನೆಯಿಂದ ಹಸಿದುಕೊಂಡು ಹೋದ. ದೂರು ಇಷ್ಟೇ. ಮಿಕ್ಕಿದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಕ್ರಮ ಕೈಗೊಳ್ಳಬಹುದು, ನನಗೇನೂ ಬೇಸರವಿಲ್ಲ.

ಪುರುಸೊತ್ತಿದ್ದರೆ ಕೇಳಿ. ಕಳೆದ ಚಳಿಗಾಲದಲ್ಲಿ ತಾವು ಟೀವಿಯ ಬೆಳಗಿನ ಕಾರ್ಯಕ್ರಮಕ್ಕೆ ಬಂದಿದ್ದಿರಿ. ಮಾಂಸದ ಬೆಲೆ ಯಾಕೆ ಹೀಗೆ ಏರುತ್ತಿದೆ ಎಂದು ನಿರೂಪಕಿ ಕೇಳಿದಳು. ಜನ ಹಿಟ್ಟು, ಅಕ್ಕಿ, ಆಲೂಗಡ್ಡೆ ಬಿಟ್ಟು ಮಾಂಸ ತಿನ್ನುತ್ತಿದ್ದಾರೆ, ಬೇಡಿಕೆ ಹೆಚ್ಚಿದೆ, ಇದು ಆರೋಗ್ಯವಂತ ಸಮಾಜದ ಲಕ್ಷಣ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆಮೇಲೆ ತಾವೂ ಬ್ರೆಡ್ ಬಿಟ್ಟಿರುವುದಾಗಿ ಹೇಳಿ ಎದ್ದು ನಿಂತು, ಸಡಿಲವಾದ ತಮ್ಮ ಬೆಲ್ಟನ್ನು ಇಡೀ ಸೆರ್ಬಿಯಾಕ್ಕೆ ತೋರಿಸಿದಿರಿ. ಬೆಲೆ ಇಳಿಸಲು ನೇಮಕವಾದ ಅಧಿಕಾರಿಯೊಬ್ಬರು ಕೊನೆಗೆ ತಮ್ಮ ಸೊಂಟವನ್ನಾದರೂ ಇಳಿಸಿದರಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ನಮ್ಮ ಚಾಚಾಕ್ ಊರಿನ ಜನ ಮಾತ್ರ ಅದನ್ನು ಸರ್ಕಾರಿ ಆದೇಶವೆಂದೇ ತಿಳಿದರು.

ನಮ್ಮ ಮನೆದೇವರು ಸಂತ ಜಾರ್ಜ್. ಮೇ ಆರರಂದು ನಮ್ಮ ಸ್ಲಾವಾ, ಮನೆದೇವರ ಹಬ್ಬ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂಬುದನ್ನು ತಮಗೆ ಬೇರೆ ಹೇಳಬೇಕಾಗಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. ಎಷ್ಟು ಜನ ಬರಬಹುದೆಂದು ಎಣಿಸುವುದೇ ಅಪಚಾರ. ಹಿಂದೆ ಇದು ಕಷ್ಟವೂ ಆಗಿರಲಿಲ್ಲ. ಒಂದು ಕುರಿಮರಿ ಸುಟ್ಟು, ಜೊತೆಗೆ ಬೆಟ್ಟದಷ್ಟು ಬ್ರೆಡ್ಡು, ಚೀಸ್ ಹಾಕಿದ ಗಿಬಾನಿತ್ಸಾ, ಎಲೆಕೋಸಿನಲ್ಲಿ ಅಕ್ಕಿ-ಮಾಂಸ ಸುತ್ತಿದ ಸಾರ್ಮಾ ಇಟ್ಟರೆ ಊರೇ ಬಂದರೂ ಸಾಕಾಗುತ್ತಿತ್ತು. ಕುರಿಮರಿ ಇದ್ದದ್ದು ಗೌರವಕ್ಕೆ, ಹೊಟ್ಟೆ ತುಂಬಿಸುತ್ತಿದ್ದದ್ದು ಹಿಟ್ಟು.

ಈ ಸಲ ಮಾಂಸದಂಗಡಿಯ ಮಿಲೊಯ್ಕೊ ಬೆಲೆ ಹೇಳಿದಾಗ ನಾನು ತಮಾಷೆ ಮಾಡುತ್ತಿದ್ದಾನೆಂದುಕೊಂಡೆ.

"ಇಡೀ ಮರಿಗಾ ಇದು?" ಎಂದೆ.

"ಅರ್ಧಕ್ಕೆ ಕಣಣ್ಣ. ನಿಂತ್ಕೊಂಡು ಯೋಚ್ನೆ ಮಾಡ್ತಿದ್ರೆ ಕಾಲು ಭಾಗಕ್ಕೇ ಅಷ್ಟಾಗುತ್ತೆ."

ಅರ್ಧ ತಂದೆ. ಜೊತೆಗೆ ಹಿಟ್ಟು ಎರಡು ಪಟ್ಟು ತಂದು ಜಾಣತನ ಮಾಡಿದೆನೆಂದು ಬೀಗಿದೆ. ಹಬ್ಬದ ದಿನ ನೋಡಿದರೆ ಬಂದವರೆಲ್ಲ ತಮ್ಮ ಶಿಷ್ಯರು. ನನ್ನ ಭಾವಮೈದ ಸಾರ್ಮಾ ಬಿಚ್ಚಿ, ಹೆಂಗಸರು ಕಲ್ಲು ಆರಿಸುವಂತೆ ಅಕ್ಕಿ ಕಾಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಸರಿಸಿದ. ಗಿಬಾನಿತ್ಸಾದೊಳಗಿನ ಚೀಸ್ ಮಾಯವಾಯಿತು, ಹಿಟ್ಟಿನ ಪದರಗಳು ಹಾಗೇ ಉಳಿದವು. ನನ್ನ ಹೆಂಡತಿ ಗ್ರೊಜ್ದಾನಾ ಎರಡು ದಿನ ನಾದಿ ಬೇಯಿಸಿದ ಬ್ರೆಡ್ಡನ್ನು ಯಾರೂ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕುರಿಮರಿಯ ಮೂಳೆಗಳಷ್ಟೇ ಮಿಕ್ಕಿದ್ದವು.

ಆಗ ಬಂದ ಕುಮ ರಾದಿಸಾವ್. ನನ್ನ ಮದುವೆಗೆ ಸಾಕ್ಷಿ ನಿಂತವನು, ನನ್ನ ಮಗಳಿಗೆ ಹೆಸರಿಟ್ಟವನು. ನಮ್ಮಲ್ಲಿ ಕುಮನೆಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಗ್ರೊಜ್ದಾನಾ ಎಂದಿನಂತೆ ಬಾಗಿಲಲ್ಲೇ ಬೇಯಿಸಿದ ಸಿಹಿ ಗೋಧಿಯನ್ನು ಮುಂದೆ ಹಿಡಿದಳು. ಅವನು ಚಮಚ ಮುಟ್ಟಲು ಹಿಂಜರಿದ.

"ಬೇಡ ಕಣಮ್ಮ. ಗೋಧಿ, ಸಕ್ಕರೆ ಎರಡೂ ಬಿಟ್ಟಿದೀನಿ. ಟೀವೀಲಿ ಆ ಸಾಹೇಬ್ರು ಹೇಳಿದ್ರಲ್ಲ."

"ಇದು ಹೋದೋರ ನೆನಪಿಗೆ ಅಂತ ಬೇಯ್ಸಿರೋದು. ನಿಮ್ಮಪ್ಪ ಸತ್ತಾಗ ಆ ಸಾಹೇಬ್ರು ಬಂದಿದ್ರಾ ಕುಮ?"

ಅವನು ನಾಚಿಕೊಂಡು ಶಿಲುಬೆಯ ಗುರುತು ಮಾಡಿ ಒಂದು ಚಮಚ ನುಂಗಿದ. ಅವನನ್ನು ದೂರಲಾರೆ. ಬ್ರೆಡ್ ಬಿಟ್ಟ ಮೇಲೆ ಅವನ ಮಂಡಿನೋವು ನಿಜವಾಗಿ ಇಳಿದಿದೆ, ನಮ್ಮ ಮೆಟ್ಟಿಲನ್ನು ಈ ಸಲ ಕೋಲಿಲ್ಲದೆ ಹತ್ತಿ ಬಂದ. ಆದರೆ ಮೇಜಿನ ಮೇಲೆ ಅವನು ತಿನ್ನಬಹುದಾದದ್ದು ಏನೂ ಇರಲಿಲ್ಲ. ನಾನು ಅಡುಗೆಮನೆಗೂ ಮೇಜಿಗೂ ಸುಮ್ಮನೆ ಓಡಾಡಿದೆ. ಅವನಿಗೆ ಅರ್ಥವಾಯಿತು.

"ಮನೇಲೇ ತಿಂದ್ಕೊಂಡು ಬಂದೆ ಕಣೋ, ಹೊಟ್ಟೆ ಭಾರ. ಒಂದು ರಾಕಿಯಾ ಕೊಡು ಸಾಕು" ಎಂದ.

ಸ್ಲಾವಾಕ್ಕೆ ಮನೆಯಲ್ಲಿ ತಿಂದು ಬರುವವರು ಈ ದೇಶದಲ್ಲಿ ಹುಟ್ಟಿಲ್ಲ. ಅವನು ಆ ಹಣ್ಣಿನ ಸಾರಾಯಿ ಕುಡಿದು, ನಮ್ಮಿಬ್ಬರಿಗೂ ಮೂರು ಸಲ ಮುತ್ತಿಟ್ಟು, ಹಳ್ಳಿಯ ಬಸ್ಸು ಹಿಡಿದ. ನನಗೆ ಅಳು ಬಂದಿತ್ತು ಎಂದು ಬರೆಯಲು ನಾಚಿಕೆಯಿಲ್ಲ. ಗ್ರೊಜ್ದಾನಾ ತಟ್ಟೆ ತೊಳೆಯುತ್ತಾ ಹೇಳಿದಳು: "ಬರೋ ವರ್ಷ ಬಾಗ್ಲು ಹಾಕ್ಕೊಂಡು ಮಗಳ ಮನೆಗೆ ಹೋಗ್ಬಿಡೋಣ. ಇನ್ನೊಂದ್ಸಲ ಕುಮನ ಆ ಮುಖ ನೋಡಕ್ಕೆ ನನ್ಕೈಲಾಗಲ್ಲ."

ಮಾನ್ಯರೇ, ಯುದ್ಧದ ವರ್ಷದಲ್ಲಿ ನನ್ನ ಅಜ್ಜ ಬರೀ ಹುರುಳಿಕಾಯಿಯ ಸಾರು, ಜೋಳದ ರೊಟ್ಟಿ ಇಟ್ಟು ಈ ಬಾಗಿಲು ತೆರೆದಿದ್ದ. ತಾವು ಹೇಳುವ ಆರೋಗ್ಯವಂತ ಸಮಾಜದಲ್ಲಿ ಮೊಮ್ಮಗ ಅದನ್ನು ಮುಚ್ಚಬೇಕೇ? ಬೇಡಿಕೆಯಿಂದ ಬೆಲೆ ಏರಿತು ಎನ್ನುತ್ತೀರಿ. ಹಾಗಾದರೆ ಗುಡ್ಡದ ಮೇಲಿನ ಕುರಿ ಸಾಕುವವರಿಗೆ ಹಳೆಯ ದರವೇ ಯಾಕೆ ಸಿಗುತ್ತಿದೆ? ನಾನೇ ಹೋಗಿ ಕೇಳಿ ಬಂದಿದ್ದೇನೆ. ಮರಿ ಗುಡ್ಡ ಇಳಿದು ಅಂಗಡಿ ಸೇರುವಷ್ಟರಲ್ಲಿ ನಡುವೆ ಯಾರೋ ಚೆನ್ನಾಗಿ ಮೇಯುತ್ತಿದ್ದಾರೆ, ಅವರು ಬ್ರೆಡ್ ಬಿಟ್ಟಿದ್ದಾರೋ ಇಲ್ಲವೋ ತಿಳಿಯದು.

ಆದ್ದರಿಂದ ನನ್ನ ಬೇಡಿಕೆ. ಆ ನಡುವಿನವರನ್ನು ಹುಡುಕಿ ಹಿಡಿಯಿರಿ, ಅದು ತಮ್ಮ ಕೆಲಸ. ಪಥ್ಯ ಹೇಳುವುದು ತಮ್ಮ ಕೆಲಸವಲ್ಲ, ವೈದ್ಯರಿಗೆ ಬಿಡಿ. ಎರಡೂ ಆಗದಿದ್ದರೆ ಇನ್ನೊಂದಾದರೂ ಮಾಡಿ: ಮುಂದಿನ ಮೇ ಆರರಂದು ಚಾಚಾಕ್ ಬಸ್ ನಿಲ್ದಾಣದಲ್ಲಿ ನಿಂತು, ಹಳ್ಳಿಯಿಂದ ಇಳಿಯುವ ರಾದಿಸಾವನಿಗೆ ನಮ್ಮ ಮನೆ ಮುಚ್ಚಿದೆ ಎಂದು ಹೇಳಿ. ನಲವತ್ತು ವರ್ಷದಿಂದ ಕರೆಯದೆಯೇ ಬರುತ್ತಿರುವವನಿಗೆ ಬರಬೇಡ ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಇಂತಿ,
ಅರ್ಧ ಕುರಿಮರಿಯ ಯಜಮಾನ,
ತಿಹೊಮಿರ್, ಚಾಚಾಕ್