ಸೌನಾದಲ್ಲಿ ಕರಗಿದ ಮಿಠಾಯಿ

ಟ್ಯಾಮರಾಕ್ ಹಾರ್ಬರ್, ಮಿಷಿಗನ್
ಜೂನ್ ೬, ಭಾನುವಾರ

ಪ್ರೀತಿಯ ಅಮ್ಮಾ,

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಿಮ್ಮ ಹಡಗು ಡೆಟ್ರಾಯಿಟ್ ನದಿಯಲ್ಲಿರುತ್ತದೆ. ಅಂಚೆ ದೋಣಿ ಪಕ್ಕಕ್ಕೆ ಬಂದು, ಹಗ್ಗದ ಬಕೆಟ್ಟಿನಲ್ಲಿ ಉಳಿದವರ ಕಾಗದಗಳ ಜೊತೆ ಇದೂ ಮೇಲೇರುತ್ತದೆ. ನೀನು ಹಡಗಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ಓದಲು ಶುರುಮಾಡುತ್ತೀಯ. ಬೇಡ, ಕೂತು ಓದು. ಗಾಬರಿಯ ವಿಷಯ ಏನೂ ಇಲ್ಲ. ಅಜ್ಜಿ ಚೆನ್ನಾಗಿದ್ದಾಳೆ, ನಿಜ ಹೇಳಬೇಕೆಂದರೆ ತುಂಬಾ ಚೆನ್ನಾಗಿದ್ದಾಳೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು "ಹೂಂ, ಆಯ್ತಮ್ಮ" ಎನ್ನುವುದು ಬಿಟ್ಟು ಬೇರೇನೂ ಹೇಳುವವಳಲ್ಲ ಎಂದು ನಿನಗೇ ಗೊತ್ತು. ಅದೂ ಅಲ್ಲದೆ ಅಜ್ಜಿ ಪಕ್ಕದಲ್ಲೇ ಕೂತು ಕಿವಿ ಕೊಟ್ಟಿರುತ್ತಾಳೆ.

ಮಾರ್ಚ್‌ನಲ್ಲಿ ನೀನು ಹಡಗು ಹತ್ತಲು ಹೊರಟಾಗ ನಿಮ್ಮಿಬ್ಬರಿಗೂ ಆದ ಜಗಳವನ್ನು, ಕಾಲೇಜಿನ ರಜೆಗೆ ಬಂದಿದ್ದ ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದೆ. ತಪ್ಪು ಅಜ್ಜಿಯದು ಎಂದು ಆಗಲೂ ಅನ್ನಿಸಿರಲಿಲ್ಲ, ನಿನ್ನದು ಎಂದೂ ಅನ್ನಿಸಿರಲಿಲ್ಲ. ಅಜ್ಜಿಯ ಗೆಳತಿ ಎಲ್ಸಿ, ಕೈನೋವಿಗೆ ಒಳ್ಳೆಯದೆಂದು, ತಾನೇ ಮಾಡಿದ ಗಾಂಜಾ ಬ್ರೌನಿಯನ್ನು ಕಾಫಿಯ ಜೊತೆ ಕೊಟ್ಟಳು. ಫಿನ್‌ಲ್ಯಾಂಡ್ ಮೂಲದ ನಮ್ಮವರ ಮನೆಗಳಲ್ಲಿ ಕಾಫಿಗೆ ಕೂತ ಮೇಲೆ ಎರಡನೇ ತುಂಡು ಬೇಡ ಎನ್ನುವುದುಂಟೇ? ಅಜ್ಜಿ ಮರ್ಯಾದೆಗೆ ಎರಡು ತಿಂದಳು. ಅದರಲ್ಲಿ ಎಷ್ಟು ಸೇರಿಸಿದ್ದೇನೆಂದು ಎಲ್ಸಿಗೇ ಗೊತ್ತಿರಲಿಲ್ಲ. ಎದೆ ಹೊಡೆದುಕೊಂಡು, ಗೋಡೆ ಹತ್ತಿರ ಬರುತ್ತಿದೆ ಎಂದು ಕೂಗಿ, ಆಸ್ಪತ್ರೆ ಸೇರುವಂತಾಯಿತು. ಎಲ್ಸಿ ಮನೆಗೆಂದು ಕಟ್ಟಿಕೊಟ್ಟಿದ್ದ ಮೂರನೇ ತುಂಡನ್ನು ನೀನು ಇನ್ನೇನು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದೆ. ಹಡಗಿನವರಿಗೆ ಯಾವಾಗ ಬೇಕಾದರೂ ಮೂತ್ರ ಪರೀಕ್ಷೆ. ಇಲ್ಲಿಯ ಕಾನೂನು ಒಪ್ಪಿದರೂ ಹಡಗಿನ ಕಾನೂನು ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ನಿನ್ನ ಕೆಲಸವೇ ಹೋಗುತ್ತಿತ್ತು. "ಆ ಸಾಮಾನು ಈ ಮನೆಯೊಳಗೆ ಇದ್ರೆ ನಾನು ನಡುಬೇಸಿಗೆ ಹಬ್ಬಕ್ಕೂ ಬರಲ್ಲ ಕಣಮ್ಮ" ಎಂದು ನೀನು ಹೇಳಿದೆ. "ಬರ್ಬೇಡ ಹೋಗೇ, ನಿನ್ನ ಪಾಲಿನ ಮೀನೂ ನಾನೇ ತಿಂತೀನಿ" ಎಂದಳು ಅಜ್ಜಿ. ನಿನ್ನ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಇದನ್ನು ಹೇಳಕೂಡದೆಂದು ನನಗೆ ತಾಕೀತು ಮಾಡಿದ್ದಾಳೆ.

ನಾನು ಕಾಲೇಜು ಮುಗಿಸಿ ಮೇ ತಿಂಗಳಲ್ಲಿ ಮನೆಗೆ ಬಂದಾಗ ಅವಳ ಕೈ ನೋಡಿ ಹೆದರಿದೆ. ಬೆರಳಿನ ಗಂಟುಗಳು ಶುಂಠಿಯ ಹಾಗೆ ಊದಿದ್ದವು. ನಿದ್ದೆ ಇಲ್ಲ. ಅಕಾರ್ಡಿಯನ್ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಅದರ ಮೇಲೆ ಚಳಿಗಾಲದ ಬೂಟುಗಳನ್ನು ಇಟ್ಟಿದ್ದಳು. ಈ ಸಲ ಹಬ್ಬದ ಕುಣಿತಕ್ಕೆ ತಾನು ನುಡಿಸುವ ಬದಲು ರೆಕಾರ್ಡ್ ಹಾಕಿಕೊಳ್ಳಲಿ ಎಂದು ಸಭಾಭವನದವರಿಗೆ ಹೇಳಿಯೂ ಬಿಟ್ಟಿದ್ದಳಂತೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತದೊತ್ತಡದ ಮಾತ್ರೆಗಳನ್ನೆಲ್ಲ ನೋಡಿ, ಬೇಕಿದ್ದರೆ ರಾತ್ರಿ ಗಾಂಜಾವನ್ನು ಬಹಳ ಸಣ್ಣ ಪ್ರಮಾಣದಲ್ಲಿ ತಗೊಂಡು ನೋಡಬಹುದು, ಆದರೆ ಲೈಸೆನ್ಸ್ ಇರುವ ಅಂಗಡಿಯದು, ಲ್ಯಾಬಿನಲ್ಲಿ ಪರೀಕ್ಷೆಯಾದದ್ದು ಮಾತ್ರ, ಎಂದರು. ಹೊರಗೆ ಬಂದ ಅಜ್ಜಿ ಕಾರಿನಲ್ಲಿ ಕೂತು, "ಮನೆಯೊಳಗೆ ಬೇಡ ಅಂದ್ಲು ತಾನೇ ನಿಮ್ಮಮ್ಮ? ಊರೊಳಗೆ ಬೇಡ ಅಂದಿಲ್ಲವಲ್ಲ?" ಎಂದಳು. ಹೀಗೆ ಶುರುವಾಯಿತು.

ಮೊದಲು ಹೆದ್ದಾರಿಯ ಪೆಟ್ರೋಲ್ ಬಂಕಿನ ಪಕ್ಕದ ಗಾಂಜಾ ಅಂಗಡಿಗೆ ಹೋದೆವು, ಹತ್ತಿರ ಎಂದು. ಬಾಗಿಲಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದ. "ಯಾಕಪ್ಪಾ?" ಎಂದಳು ಅಜ್ಜಿ. "ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ ನೋಡ್ಬೇಕಲ್ಲಮ್ಮ" ಎಂದ. ಅಜ್ಜಿಯ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. "ಕೇಳಿಸ್ಕೊಂಡೆಯಾ ಕೈಸಾ? ಇವನಿಗೆ ಅನುಮಾನ ಬಂದಿದೆ!" ಎಂದು ಚೀಟಿಯನ್ನು ಎರಡು ಸಲ ತೋರಿಸಿದಳು. ಆದರೆ ಒಳಗಿದ್ದವನು ಫೋನಿನಿಂದ ತಲೆ ಎತ್ತಲಿಲ್ಲ. ಲ್ಯಾಬಿನ ವರದಿ ಎಲ್ಲಿ ಎಂದು ಅಜ್ಜಿ ಕೇಳಿದ್ದಕ್ಕೆ, "ಎಲ್ಲಾ ಟೆಸ್ಟ್ ಆಗಿರತ್ತೆ, ನೀವು ಚಿಂತೆ ಮಾಡ್ಬೇಡಿ" ಎಂದ. ಅಜ್ಜಿ ಚೀಲ ಎತ್ತಿಕೊಂಡಳು. "ಚಿಂತೆ ಮಾಡ್ಬೇಡಿ ಅನ್ನೋರ ಹತ್ರ ನಾನು ಮೀನು ಕೂಡ ತಗೊಳಲ್ಲ."

ಎರಡನೆಯದು ದೂರದ ಪಟ್ಟಣದಲ್ಲಿ, ಹಳೆಯ ಬ್ಯಾಂಕಿನ ಕಟ್ಟಡದಲ್ಲಿತ್ತು. ಒಡವೆ ಅಂಗಡಿಯ ಹಾಗೆ ಗಾಜು, ಮೆಲುವಾದ ಸಂಗೀತ. ವರದಿಗಳನ್ನು ಕೇಳುವ ಮೊದಲೇ ಮುಂದಿಟ್ಟರು. ಎಲ್ಲ ಸರಿಯಾಗಿತ್ತು, ಡಬ್ಬಿಯೊಂದನ್ನು ಬಿಟ್ಟು. ಮಕ್ಕಳು ತೆಗೆಯಬಾರದೆಂದು ಮಾಡಿದ ಮುಚ್ಚಳ ಅದು, ಒತ್ತಿಕೊಂಡು ತಿರುಗಿಸಬೇಕು. ಅಜ್ಜಿ ಒತ್ತಿದಳು, ತಿರುಗಿಸಿದಳು, ಹಲ್ಲು ಕಚ್ಚಿದಳು. ಕಣ್ಣಲ್ಲಿ ನೀರು ಬಂತು, ನೋವಿಗೆ. "ಮಕ್ಕಳು ತೆಗೀಬಾರ್ದು ಸರಿ. ಮುದುಕೀರೂ ತೆಗೀಬಾರ್ದಾ? ನೋವಿರೋದು ಯಾರಿಗೆ?" ಎಂದು ಕೇಳಿದಳು. ಅಲ್ಲಿಯ ಹುಡುಗಿ ಪಾಪ, ಮನೆಯಲ್ಲಿ ಬೇರೆ ಯಾವುದಾದರೂ ಡಬ್ಬಿಗೆ ಹಾಕಿಟ್ಟುಕೊಳ್ಳಿ ಎಂದಳು. ನನಗೆ ನಮ್ಮ ಅಡುಗೆಮನೆಯ ನೀಲಿ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಹಡಗಿನಿಂದ ಬಂದವಳೇ ಬೂಟು ಬಿಚ್ಚುವ ಮೊದಲು ನೀನು ಕೈ ಹಾಕುವ ಡಬ್ಬಿ. ಅಜ್ಜಿಗೂ ಅದೇ ನೆನಪಾಗಿರಬೇಕು. ಇಬ್ಬರೂ ಒಟ್ಟಿಗೆ "ಬೇಡ" ಎಂದೆವು.

ಮೂರನೆಯ ಅಂಗಡಿ ನಮ್ಮ ಊರಿನಲ್ಲೇ, ಗ್ರಂಥಾಲಯದ ಎದುರಿಗೆ, ನಿನಗೆ ಶಾಲೆಯ ಬೂಟು ಕೊಳ್ಳುತ್ತಿದ್ದ ಜಾಗದಲ್ಲಿ ಹೊಸದಾಗಿ ತೆರೆದಿದೆ. ಬೂಟು ಹಾಕಿ ನೋಡಲು ಇದ್ದ ಕೆಂಪು ಕುರ್ಚಿಗಳನ್ನು ಹಾಗೇ ಬಿಟ್ಟಿದ್ದಾರೆ. ಇಷ್ಟು ದಿನ ಅಲ್ಲಿಗೆ ಹೋಗದೆ ಇದ್ದದ್ದಕ್ಕೆ ಕಾರಣ, ಚರ್ಚಿನವರು ನೋಡುತ್ತಾರೆ ಎನ್ನುವುದು. ಹೋಗಿ ನೋಡಿದರೆ ಪಾದ್ರಿಯ ಅತ್ತೆಯೇ ಒಂದು ಕುರ್ಚಿಯಲ್ಲಿ ಕೂತಿದ್ದಳು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು.

ಅಂಗಡಿ ನಡೆಸುವವಳು ಲೊರೇನ್. ನನ್ನನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಬಸ್ಸಿನ ಡ್ರೈವರ್, ಅದೇ ಲೊರೇನ್. "ಹಿಲ್ಮಾ ಆಂಟೀ, ಬನ್ನಿ ಬನ್ನಿ, ಮೊದ್ಲು ಕೂತ್ಕೊಳ್ಳಿ" ಎಂದು ಖಾಲಿ ಡಬ್ಬಿ, ಪೊಟ್ಟಣಗಳ ಒಂದು ಬುಟ್ಟಿಯನ್ನೇ ಅಜ್ಜಿಯ ಮಡಿಲಲ್ಲಿಟ್ಟಳು. "ಯಾವುದು ನಿಮ್ಮ ಕೈಗೆ ಬಗ್ಗತ್ತೋ ನೋಡಿ. ಆಮೇಲೆ ಒಳಗಿರೋದನ್ನ ಮಾತಾಡೋಣ." ಅಜ್ಜಿ ಬೂಟು ಆರಿಸುವವಳ ಹಾಗೆ ಒಂದೊಂದನ್ನೇ ಪರೀಕ್ಷಿಸಿದಳು. ಕೊನೆಗೆ ಬೆಂಕಿಪೊಟ್ಟಣದಂತೆ ಒತ್ತಿ ಜಾರಿಸುವ ಒಂದು ಪೆಟ್ಟಿಗೆ ಅಂಗೈಯ ಬಲಕ್ಕೇ ತೆರೆದುಕೊಂಡಿತು. ಅಜ್ಜಿ ಅದನ್ನು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಅದರಲ್ಲಿ ಬರುವುದು ಲಿಂಗೊನ್‌ಬೆರಿ ಹಣ್ಣಿನ ರುಚಿಯ, ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ.

ಲೊರೇನ್ ಲ್ಯಾಬಿನ ವರದಿಯನ್ನು ನನ್ನ ಕೈಗೆ ಕೊಟ್ಟಳು. ಅಮ್ಮಾ, ನಾಲ್ಕು ವರ್ಷ ಸಾಹಿತ್ಯ ಓದಿದ್ದಕ್ಕೆ ಕೆಲಸ ಇನ್ನೂ ಸಿಕ್ಕಿಲ್ಲ, ಆದರೆ ಅಚ್ಚಾದದ್ದು ಏನು ಸಿಕ್ಕರೂ ಕೊನೆಯವರೆಗೆ ಓದುವ ಚಟ ಉಳಿದಿದೆ. ಒಂದೊಂದು ಮಿಠಾಯಿಯಲ್ಲಿ ಎಷ್ಟು ಮಿಲಿಗ್ರಾಂ, ಬೂಷ್ಟು ಇದೆಯೇ, ಕೀಟನಾಶಕ, ಸೀಸ ಇದೆಯೇ, ಎಲ್ಲವೂ ಇತ್ತು. ಮೂಲೆಯಲ್ಲಿ ತಯಾರಿಕೆಯ ಬ್ಯಾಚ್ ಸಂಖ್ಯೆಯೂ ಇತ್ತು. ಪೆಟ್ಟಿಗೆಯ ಮೇಲಿನ ಸಂಖ್ಯೆ ಅದಲ್ಲ. ಹೇಳಬೇಕೋ ಬೇಡವೋ ಎಂದು ನನ್ನ ಕಿವಿ ಬಿಸಿಯಾಯಿತು. ಹಿಂದೆ ಜನ ನಿಂತಿದ್ದರು. ಅಜ್ಜಿ ನನ್ನ ಮುಖ ನೋಡಿ, "ಏನೋ ನುಂಗ್ತಾ ಇದೀಯ. ಉಗಿದುಬಿಡು ಮಗಾ" ಎಂದಳು. ಹೇಳಿದೆ. ಎಷ್ಟು ಮೆಲ್ಲಗೆಂದರೆ ಲೊರೇನ್ ಬಗ್ಗಿ ಕೇಳಬೇಕಾಯಿತು. ಅವಳು ಕನ್ನಡಕ ಏರಿಸಿ ಎರಡನ್ನೂ ನೋಡಿದಳು. "ಅಯ್ಯೋ ದೇವರೇ, ಹೌದು! ಈ ವರದಿ ಹೋದ ತಿಂಗಳ ಬ್ಯಾಚಿಂದು. ನನ್ನದೇ ತಪ್ಪು" ಎಂದು, ಸಾಲಿನಲ್ಲಿದ್ದವರಿಗೆ "ಸ್ವಲ್ಪ ಇರ್ರಪ್ಪಾ, ಈ ಹುಡುಗಿ ನನ್ನ ಮಾನ ಉಳಿಸಿದ್ಲು" ಎಂದು ಕೂಗಿ, ಒಳಗಿನಿಂದ ಸರಿಯಾದ ವರದಿ ತಂದಳು. ಅದೂ ಚೆನ್ನಾಗಿಯೇ ಇತ್ತು. ಅಜ್ಜಿ ಆ ಕ್ಷಣವೇ ತೀರ್ಮಾನ ಮಾಡಿದಳು. "ಕೇಳಿದ್ದಕ್ಕೆ ಸಿಟ್ಟಾಗ್ಲಿಲ್ಲ ನೋಡು. ಇನ್ನು ಇದೇ ನಮ್ಮ ಅಂಗಡಿ." ಮರುದಿನವೇ ಲೊರೇನ್‌ಗೆ ಏಲಕ್ಕಿ ಬ್ರೆಡ್ ಕೊಟ್ಟುಬಂದಳು. "ಇದಕ್ಕೂ ಲ್ಯಾಬ್ ವರದಿ ಇದೆಯಾ ಆಂಟೀ?" ಎಂದು ಲೊರೇನ್ ಕೇಳಿದಳಂತೆ.

ಇನ್ನು ಮುಂದಿನದನ್ನು ನಗದೆ ಓದು ನೋಡೋಣ. ಪೆಟ್ಟಿಗೆ ಮನೆಯೊಳಗೆ ಬರಬಾರದು, ನಿನ್ನ ಮಾತು. ಹಾಗಾದರೆ ಎಲ್ಲಿಡುವುದು? ಕಾರಿನಲ್ಲಿ ಬೇಡ ಎಂದೆ ನಾನು. ಅಜ್ಜಿಗೆ ಹೊಳೆಯಿತು: ಹಿತ್ತಲಿನ ಹಬೆಸ್ನಾನದ ಸೌನಾ. ಅದು ಮನೆಯಲ್ಲ, ಬೇರೆಯೇ ಕಟ್ಟಡ, ಬೀಗವೂ ಇದೆ. ಒಳಗಿನ ಮೇಲ್ಮಣೆಯ ಹಿಂದೆ, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟುಗಳ ಮರೆಯಲ್ಲಿಟ್ಟೆವು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು. ಅಮ್ಮಾ, ಅಂದು ಶುಕ್ರವಾರ.

ಶನಿವಾರ ಮಧ್ಯಾಹ್ನ ಎದುರುಮನೆಯ ಟೊಯ್ವೊ ತಾತ ಎಂದಿನಂತೆ ತನ್ನ ಬೀಗದ ಕೈ ತಂದು, ಎಂದಿನಂತೆ ಸೌನಾಕ್ಕೆ ಬೆಂಕಿ ಹಾಕಿದ. ನಾವಿಬ್ಬರೂ ಎಂದಿನಂತೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೆವು. ಕಲ್ಲಿನ ಮೇಲೆ ನೀರು ಸುರಿದು, ಹಬೆ ಎದ್ದು, ಅಜ್ಜಿ ಹಾಯಾಗಿ ಕಣ್ಣು ಮುಚ್ಚಿದವಳು ತಟ್ಟನೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಮೇಲ್ಮಣೆ ನೋಡಿದೆ. ಟವೆಲ್ ಸುತ್ತಿಕೊಂಡು ಹೊರಗೆ ಓಡಿ ಪೆಟ್ಟಿಗೆ ತೆರೆದರೆ, ಒಳಗೆ ಬೇರೆಬೇರೆ ಮಿಠಾಯಿಗಳಿಲ್ಲ, ಕೆಂಪಗೆ ಹೊಳೆಯುವ ಒಂದೇ ಒಂದು ಇಟ್ಟಿಗೆ. ತುಂಡೊಂದಕ್ಕೆ ಎಷ್ಟು ಎಂದು ಲ್ಯಾಬಿನವರು ಅಳೆದದ್ದೆಲ್ಲ ಸೌನಾದಲ್ಲಿ ಒಂದಾಗಿಹೋಗಿತ್ತು.

"ಚಾಕು ತಗೊಂಡು ಬಾ, ನಾನು ಸಮನಾಗಿ ಕತ್ತರಿಸ್ತೀನಿ. ಕೇಕ್ ಥರ ಕತ್ತರಿಸೋದು ನಂಗೆ ಬರಲ್ವಾ?" ಎಂದಳು ಅಜ್ಜಿ.

"ಎಲ್ಸಿ ಕೂಡ ಸಮನಾಗೇ ಕತ್ತರಿಸಿದ್ಲು ಅಜ್ಜೀ" ಎಂದೆ.

ಅಜ್ಜಿ ಪೆಟ್ಟಿಗೆ ಮುಚ್ಚಿದಳು. ಆಗ ಟೊಯ್ವೊ ತಾತ ಸೌದೆ ಹಿಡಿದು ಬಂದವನು ನಮ್ಮಿಬ್ಬರನ್ನೂ, ಪೆಟ್ಟಿಗೆಯನ್ನೂ ನೋಡಿ, ವಿಷಯ ತಿಳಿದು, ಸೌದೆ ಕೆಳಗೆ ಹಾಕಿ ನಗುತ್ತಾ ನೆಲಕ್ಕೇ ಕೂತುಬಿಟ್ಟ. "ಫಿನ್ನರು ಗಾಂಜಾ ಬಚ್ಚಿಟ್ಟದ್ದೆಲ್ಲಿ? ಒಲೆ ಮೇಲೆ! ಹಿಲ್ಮಾ, ಇದನ್ನ ಯಾರಿಗೂ ಹೇಳಲ್ಲ. ನಾಳೆ ಚರ್ಚಿಗೆ ಬಂದವರಿಗೆ ಮಾತ್ರ ಹೇಳ್ತೀನಿ."

ಇಟ್ಟಿಗೆಯನ್ನು ಕಾಫಿ ಚರಟದಲ್ಲಿ ಕಲಸಿ ಕಸಕ್ಕೆ ಹಾಕಿದೆವು. ಸೌನಾವನ್ನು ನಾನೇ ಸೋಪು ಹಾಕಿ ಉಜ್ಜಿ ತೊಳೆದಿದ್ದೇನೆ, ಬರ್ಚ್ ಎಲೆಯ ವಾಸನೆ ಬಿಟ್ಟು ಅಲ್ಲಿ ಏನೂ ಇಲ್ಲ. ಅಡುಗೆಮನೆಯ ನೀಲಿ ಡಬ್ಬಿಯಲ್ಲಿ ಬಿಸ್ಕತ್ತು ಮಾತ್ರ ಇದೆ. ಹೊಸ ಪೆಟ್ಟಿಗೆ ಕೊಳ್ಳಲು ಹೋದಾಗ ಲೊರೇನ್ ನಕ್ಕೂ ನಕ್ಕೂ ಅತ್ತಳು. ಈಗ ಅದು ಟೊಯ್ವೊ ತಾತನ ಮನೆಯಲ್ಲಿ, ಅವನ ಗಾಳದ ಪೆಟ್ಟಿಗೆಯಲ್ಲಿ, ಬೀಗ ಹಾಕಿ ಇದೆ. ಅಜ್ಜಿ ಸಂಜೆ ರಸ್ತೆ ದಾಟಿ ಹೋಗಿ ಅರ್ಧ ಮಿಠಾಯಿ ತಿನ್ನುತ್ತಾಳೆ. ಅದು ಹತ್ತಲು ಹೊತ್ತಾಗುತ್ತದಂತೆ, ಅಲ್ಲಿಯವರೆಗೆ ಇಬ್ಬರೂ ಇಸ್ಪೀಟು ಆಡುತ್ತಾರೆ. ಆಮೇಲೆ ತಾತ ಅವಳನ್ನು ಬಾಗಿಲವರೆಗೆ ಕೈ ಹಿಡಿದು ಬಿಡುತ್ತಾನೆ.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಹೆಚ್ಚು ತಗೊಳ್ಳಲೇ ಎಂದು ಅವಳು, ಬೇಡ ಎಂದು ನಾನು. ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ಕಾಫಿಯ ವಾಸನೆ ಇರಲಿಲ್ಲ. ಬರಿಗಾಲಲ್ಲೇ ಓಡಿದೆ. ಕೋಣೆಗೆ ಹೋಗಿ ನೋಡಿದರೆ ಅಜ್ಜಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸದೆ ಬಾಗಿಲಲ್ಲೇ ನಿಂತೆ. ನೋವು ಪೂರ್ತಿ ಹೋಗಿಲ್ಲ ಅಮ್ಮಾ, ಹೋಗುವುದೂ ಇಲ್ಲವೇನೋ. ಆದರೆ ನಿದ್ದೆ ಮಾಡಿ ಎದ್ದ ಕೈ ಬೇರೆಯದೇ ಕೈ. ಮೊನ್ನೆ ನಾನು ಗ್ರಂಥಾಲಯದಿಂದ ಬರುವಾಗ ಮಂಚದ ಕೆಳಗಿನ ಬೂಟುಗಳೆಲ್ಲ ವರಾಂಡದಲ್ಲಿದ್ದವು. ಒಳಗೆ ಅಕಾರ್ಡಿಯನ್ ಕೆಮ್ಮುತ್ತಿತ್ತು. ಎಡವುತ್ತಾ, ಮತ್ತೆ ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುತ್ತಾ, ನೀನು ಚಿಕ್ಕವಳಿದ್ದಾಗ ಮೇಜಿನ ಮೇಲೆ ಕುಣಿಯುತ್ತಿದ್ದೆಯಂತಲ್ಲ, ಆ ಪೋಲ್ಕ ಕುಣಿತದ ರಾಗ. ಸಭಾಭವನದವರಿಗೆ ಫೋನು ಮಾಡಿ, ರೆಕಾರ್ಡ್ ಎತ್ತಿಟ್ಟುಬಿಡಿ ಎಂದಿದ್ದಾಳೆ.

ನೀನು ಹೇಳಿದಂತೆ ಮನೆಯೊಳಗೆ ಅದು ಒಂದು ಕ್ಷಣವೂ ಬಂದಿಲ್ಲ. ಆದ್ದರಿಂದ ಈ ತಿಂಗಳ ಕೊನೆಗೆ ಹಬ್ಬಕ್ಕೆ ಬಾ ಅಮ್ಮಾ. ಬರುತ್ತೀಯೋ ಇಲ್ಲವೋ ಎಂದು ಅಜ್ಜಿ ಕೇಳುವುದಿಲ್ಲ, ಆದರೆ ನಿನ್ನ ಹಾಸಿಗೆಯ ಹೊದಿಕೆಗಳನ್ನು ಎರಡನೇ ಸಲ ಒಗೆದು ಬಿಸಿಲಿಗೆ ಹಾಕಿದ್ದಾಳೆ. ಮೀನನ್ನೂ ಮೂವರಿಗಾಗುವಷ್ಟು ಹೇಳಿದ್ದಾಳೆ.

ನಿನ್ನ ಪ್ರೀತಿಯ,
ಕೈಸಾ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ. ಮಿಠಾಯಿ ಮುಗಿಯುತ್ತಾ ಬಂದಿರಬಹುದೆಂದು ಈಗ ತಾತನ ಮನೆಗೆ ಹೋಗಿ ನೋಡಿದೆ. ಹೋದ ವಾರ ನೋಡಿದಾಗ ಎಷ್ಟಿದ್ದವೋ ಇವತ್ತೂ ಅಷ್ಟೇ ಇವೆ. "ನಿಮ್ಮಜ್ಜಿಗೆ ಈಗ ಹಾಗೇ ನಿದ್ದೆ ಬರತ್ತಂತೆ" ಎಂದು ಟೊಯ್ವೊ ತಾತ ಇಸ್ಪೀಟು ಎಲೆಗಳನ್ನು ಸುಮ್ಮನೆ ಕಲಸುತ್ತಾ ಹೇಳಿದ. ಆದರೆ ಅಜ್ಜಿ ಒಂದು ಸಂಜೆಯೂ ತಪ್ಪಿಸದೆ, ತಲೆ ಬಾಚಿಕೊಂಡು, "ಔಷಧಿಗೆ ಹೋಗ್ಬರ್ತೀನಿ ಮಗಾ" ಎಂದು ಹೊರಡುತ್ತಿದ್ದಾಳೆ. ಮೀನು ನಾಲ್ವರಿಗೆ ಹೇಳುವುದು ಒಳ್ಳೆಯದೆಂದು ಕಾಣುತ್ತದೆ.