ಕ್ರಮಸಂಖ್ಯೆ ಇಪ್ಪತ್ತಮೂರು

ಜೂನ್ 9, ಸೋಮವಾರ. ಬೆಳಿಗ್ಗೆ 8.40

ಓದುತ್ತಿದ್ದದ್ದು ಕನ್ನಡಕ್ಕೆ ಬಂದ ಪೋಲಿಷ್ ಕಾದಂಬರಿ, ಹನ್ನೊಂದನೇ ಅಧ್ಯಾಯ. ಅನುವಾದಕ ಒಂದು ಪುಟದಲ್ಲಿ ಚಿಕ್ಕಪ್ಪ ಎಂದವನನ್ನೇ ಮುಂದಿನ ಪುಟದಲ್ಲಿ ಮಾವ ಎಂದಿದ್ದಾನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಅಷ್ಟರಲ್ಲಿ ಊರಿನ ನಲ್ಲಿಗಳಿಗೆ ನೀರು ಬಿಡುವ ಪಂಚಾಯ್ತಿ ನೀರುಗಂಟಿ ತಿಮ್ಮೇಶ ಬಂದ, ಕಂಕುಳಲ್ಲಿ ಹಾಜರಿ ಪುಸ್ತಕ.

"ಗ್ರಾಮಸಬೆದು ಸಾ. ಒಂದ್ ಸಯ್ನ್ ಗೀಚ್ಬುಡಿ."

"ಸಭೆ ಯಾವಾಗ?"

"ಆಗೋಯ್ತು ಅನ್ಕಳಿ. ನೂರ್ ಜನ ಆಗ್ಬೇಕು, ಊರೆಲ್ಲ ಸುತ್ಬೇಕು ನಾನು."

ಗೀಚಿದೆ. ಸ್ಕೂಲಿಗೆ ತಡವಾಗುತ್ತಿತ್ತು.

ಜೂನ್ 27

ಎದುರುಮನೆ ಕುಳ್ಳಮ್ಮ. ಮನೆ ಎನ್ನುವುದು ಅಭ್ಯಾಸ — ನಾಲ್ಕು ತಗಡು, ಒಂದು ಟಾರ್ಪಾಲು. ಸಭೆಯ ನಡಾವಳಿಯ ನಕಲು ತಂದಿದ್ದಳು.

"ಓದಿ ಏಳಿ ಮೇಷ್ಟ್ರೆ. ಸರ್ಕಾರದ್ ಮನೆ ಪಟ್ಟೀಲಿ ನನ್ನೆಸ್ರು ಯಾಕ್ ಒಡ್ದಾಕವ್ರೆ?"

'ಸದರಿಯವರಿಗೆ ಪಕ್ಕಾ ಮನೆ ಇರುವುದರಿಂದ ಹೆಸರನ್ನು ಕೈಬಿಟ್ಟು, ಶ್ರೀಮತಿ ಸುಮ ಅವರನ್ನು ಸೇರಿಸಲು ಸಭೆ ಒಮ್ಮತದಿಂದ ತೀರ್ಮಾನಿಸಿತು.' ಸುಮ — ಮೆಂಬರ್ ಅಶೋಕನ ತಮ್ಮನ ಹೆಂಡತಿ. ಎರಡಂತಸ್ತಿನ ಮನೆ, ಮುಂದೆ ಕಾರು.

"ಸಬೆ ಅಂದ್ರೆ ಯಾರ್ಯಾರು? ಎಸ್ರು ಓದಿ. ಮಕ ನೋಡ್ಕಂಡಾದ್ರೂ ಬತ್ತೀನಿ."

ಇಪ್ಪತ್ತೆರಡರವರೆಗೆ ಓದಿದೆ. ಇಪ್ಪತ್ತಮೂರು ನನ್ನದು. ದುಂಡಗಿನ ಸಹಿ. "ಹೀಗೇ ನೂರು ಜನ ಇದ್ದಾರಮ್ಮ" ಎಂದು ಮಡಚಿ ಕೊಟ್ಟೆ.

ಓದಿರುವ ಕಾದಂಬರಿಗಳಲ್ಲಿ ಸರ್ವಾಧಿಕಾರಿಗಳು ಹೊಡೆದು ಬಡಿದು ಸಹಿ ಹಾಕಿಸುತ್ತಾರೆ. ಇಲ್ಲಿ ಪೆನ್ನೂ ನನ್ನದೇ.

ಜುಲೈ 3

ಕುಳ್ಳಮ್ಮನ ತಕರಾರು ಅರ್ಜಿ ಬರೆದುಕೊಟ್ಟೆ — ಸಭೆ ನಡೆದೇ ಇಲ್ಲವೆಂದು. ಬಸ್‌ಸ್ಟ್ಯಾಂಡಿನಲ್ಲಿ ಅಶೋಕ ಹಿಡಿದ.

"ಏನ್ ಮೇಷ್ಟ್ರೆ, ಆ ಕಡೇನೂ ನೀವೇ, ಈ ಕಡೇನೂ ನೀವೇ! ನಾನೊಬ್ನೇ ಮಾಡಿದ್ನಾ? ಊರೇ ಒಪ್ಕಂಡದೆ, ನಿಮ್ಮಂತ ಓದ್ದೋರೂ."

ನಕ್ಕ. ಹಲ್ಲಿನ ಸಂದಿಯಲ್ಲಿ ಎಲೆಯಡಿಕೆ. ಇವನಿಗೆ ವೋಟು ಹಾಕಲಿಲ್ಲವೆಂದು ಇಷ್ಟು ವರ್ಷ ಜಂಬಪಟ್ಟಿದ್ದೆ... ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಜುಲೈ 8

ನಾಗಮಂಗಲದ ತಾಲ್ಲೂಕು ಪಂಚಾಯ್ತಿಯಲ್ಲಿ ಅರ್ಜಿಯ ವಿಚಾರಣೆ. ಅಧಿಕಾರಿ ಹಾಜರಿ ಪುಸ್ತಕ ತಿರುಗಿಸಿದರು.

"ಅರವತ್ತನೇದು ನಿಮ್ಮ ಹೆಬ್ಬೆಟ್ಟೇ ಅಲ್ವೇನಮ್ಮ? ಮನೆ ಬೇಡ ಅಂತ ನೀವೇ ಒಪ್ಪಿದ್ದೀರಿ."

ಕುಳ್ಳಮ್ಮ ತನ್ನ ಹೆಬ್ಬೆರಳು ನೋಡಿಕೊಂಡಳು. "ನಲ್ಲಿದು ಅಂದ ಸೋಮಿ, ತಿಮ್ಮೇಶ. ನಂಗೆ ಓದಕ್ ಬರಕಿಲ್ಲ."

"ಮೇಷ್ಟ್ರಿಗೆ ಬರುತ್ತಲ್ಲ? ಇಪ್ಪತ್ತಮೂರು ಇವರದು."

ಅವಳು ನನ್ನನ್ನು ನೋಡಿದಳು.

"ಸಹಿ ಹಾಕಿದವರಲ್ಲೊಬ್ಬರು ನಾಳೆ ಹನ್ನೊಂದರೊಳಗೆ ಸಭೆ ಆಗಿಲ್ಲ ಅಂತ ಬರೆದುಕೊಟ್ಟರೆ ಪಟ್ಟಿ ತಡೀತೀನಿ" ಎಂದರು ಅಧಿಕಾರಿ. "ಆದರೆ ಸುಳ್ಳು ಸಹಿ ಅಂತ ನಿಮಗೂ ನೋಟಿಸ್ ಬರುತ್ತೆ. ಸರ್ಕಾರಿ ನೌಕರಿ ನಿಮ್ಮದು, ಯೋಚನೆ ಮಾಡಿ."

ಊರಿಗೆ ವಾಪಸಾಗುವ ಬಿಂಡಿಗನವಿಲೆ ಬಸ್ಸಿನಲ್ಲಿ ಕುಳ್ಳಮ್ಮ ಬೇರೆ ಸೀಟು ಹಿಡಿದಳು.

ಜುಲೈ 9. ಬೆಳಿಗ್ಗೆ 7.10

ಎರಡು ಹಾಳೆ ಹರಿದೆ. ಮೊದಲನೆಯದರಲ್ಲಿ 'ಸಹಿ ಪಡೆಯಲಾಯಿತು' ಎಂದಿತ್ತು. ಎರಡನೆಯದರಲ್ಲಿ 'ಸಹಿ ಆಗಿರುತ್ತದೆ'. ಕರ್ತೃವೇ ಇಲ್ಲದ ವಾಕ್ಯಗಳು. ಥೂ.

ಎಂಟರ ಬಸ್ಸಿಗೆಂದು ಕುಳ್ಳಮ್ಮ ಗೇಟಿನ ಹತ್ತಿರ ನಿಂತಿದ್ದಾಳೆ. "ಬರ್ದಾಯ್ತಾ ಮೇಷ್ಟ್ರೆ?"

ಕರಡು ಇಲ್ಲೇ, ಈ ಡೈರಿಯಲ್ಲೇ —

ಗ್ರಾಮಸಭೆ ನಡೆಯಲಿಲ್ಲ. ನಡೆಯಲಿಲ್ಲವೆಂದು ತಿಳಿದೂ, ನಾನು ಸಹಿ ಹಾಕಿದೆ.